ನೆಲವೇ ಡೊಂಕಾಗಿತ್ತು

ಮಂಗಳವಾರ, ಹದಿನಾಲ್ಕನೇ ತಾರೀಖು
ಬೆಳಿಗ್ಗೆ, ಅಡುಗೆಮನೆಯ ಮೇಜಿನಿಂದ

ನನ್ನ ಮೊಂಡಿ ಮಗಳಿಗೆ,

ಅಮ್ಮನ ಆಶೀರ್ವಾದ. ಇದನ್ನು ಮೊದಲೇ ಬರೆದಿಡುತ್ತಿದ್ದೇನೆ. ಕಾಗದ ಕೆಳಗಿಳಿದ ಹಾಗೆ ಆಶೀರ್ವಾದಕ್ಕೆ ಜಾಗ ಸಿಗುತ್ತದೋ ಇಲ್ಲವೋ ಹೇಳಲಾರೆ.

ಐದು ದಿನದಿಂದ ನಿನ್ನ ಫೋನ್ ಎತ್ತದೆ, ‘ಚೆನ್ನಾಗಿದ್ದೇನೆ’ ಅಂತ ಒಂದೇ ಪದ ಕಳಿಸಿ ಸುಮ್ಮನಾದದ್ದು ತಪ್ಪು. ನಿನಗೆ ಗಾಬರಿಯಾಗಿರುತ್ತದೆ. ಕ್ಷಮಿಸು. ಆದರೆ ಫೋನಿನಲ್ಲಿ ನೀನು ನನಗೆ ಒಂದು ವಾಕ್ಯವನ್ನೂ ಮುಗಿಸಲು ಬಿಡುವುದಿಲ್ಲ. ಶಾಲೆಯಲ್ಲಿ ಹೆಡ್ ಮೇಡಂ ಆದಾಗಿನಿಂದ ಎದುರಿಗಿದ್ದವರ ಮಾತನ್ನು ನೀನೇ ಮುಗಿಸಿ ನೀನೇ ಉತ್ತರ ಕೊಟ್ಟುಬಿಡುತ್ತೀಯ. ಕಾಗದಕ್ಕಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕೂತುಕೊಂಡು ಓದು.

ಆರು ವಾರದ ಹಿಂದಿನ ಆ ಭಾನುವಾರದಿಂದಲೇ ಶುರು ಮಾಡುತ್ತೇನೆ. ನಾನು ಓಡಿಸುತ್ತಿದ್ದೆ, ಅಳಿಯಂದಿರು ಪಕ್ಕದಲ್ಲಿ, ನೀನು ಮಗುವನ್ನು ಇಟ್ಟುಕೊಂಡು ಹಿಂದೆ. ನೀರಿನ ಟ್ಯಾಂಕಿನ ಹತ್ತಿರದ ಏರಿನಲ್ಲಿ ಮುಂದಿನ ಲಾರಿ ನಿಂತಿತು, ನಾವೂ ನಿಂತೆವು. ಮತ್ತೆ ಹೊರಡುವಾಗ ಕ್ಲಚ್ ಬಿಟ್ಟೆ ನೋಡು, ಕಾರು ಮೊಲದ ಹಾಗೆ ಮೂರು ಸಲ ಕುಪ್ಪಳಿಸಿತು. ಕೆಳಗಿನಿಂದ ‘ಧಡ್’ ಅಂತ ಸದ್ದು. ಹಾಲಿನ ಬಾಟಲಿ ಉರುಳಿತು, ಮಗು ಕಿರುಚಿ ಅತ್ತಿತು. ನೀನು ಹಿಂದಿನಿಂದ ಅಂದ ಮಾತು ಅಕ್ಷರ ಬಿಡದೆ ನೆನಪಿದೆ. “ಅಮ್ಮಾ, ಕ್ಲಚ್ ಬಿಡೋದಕ್ಕೂ ಆಗ್ತಿಲ್ವಲ್ಲಮ್ಮ ನಿಂಗೆ!”

“ಕಾರಲ್ಲೇ ಏನೋ ಇದೆ ಕಣೇ,” ಅಂದೆ.

ನಿನ್ನ ಯಜಮಾನರು ನಕ್ಕರು. “ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ, ಅತ್ತೆ.”

ತಮಾಷೆಗೇ ಅಂದರು, ಗೊತ್ತು. ನೀನೂ ನಕ್ಕೆ. ನಾನೂ ನಕ್ಕೆ, ಅದೇ ನನಗೆ ಈಗ ಮೈ ಪರಚಿಕೊಳ್ಳುವ ಹಾಗೆ ಮಾಡುತ್ತಿರುವುದು. ಮನೆ ಮುಟ್ಟಿದ ಮೇಲೆ ನೀನು ಕೈ ಚಾಚಿದೆ. ನಾನು ಕೀಲಿಕೈ ಕೊಟ್ಟೆ. ಹತ್ತೊಂಬತ್ತು ವರ್ಷದ ಕಾರು, ನನ್ನ ದುಡಿಮೆಯಲ್ಲಿ ಕೊಂಡದ್ದು, ನಿನ್ನನ್ನು ಕಾಲೇಜಿಗೆ ಬಿಟ್ಟದ್ದು, ಹೆರಿಗೆಗೆ ಕರೆದೊಯ್ದದ್ದು. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದವಳ ಹಾಗೆ ಕೊಟ್ಟುಬಿಟ್ಟೆ.

ಆಮೇಲೆ ಆ ದೊಡ್ಡ ಗ್ಯಾರೇಜು. ಗಾಜಿನ ಬಾಗಿಲು, ತಣ್ಣನೆ ಗಾಳಿ, ಇಸ್ತ್ರಿ ಮಾಡಿದ ಅಂಗಿಯ ಮೇಲ್ವಿಚಾರಕ. ಅವನ ಉಗುರಿನಲ್ಲಿ ಒಂದು ಚೂರು ಕೊಳೆ ಇರಲಿಲ್ಲ ಅಂತ ಅವತ್ತೇ ಗಮನಿಸಿದ್ದೆ. ನಮ್ಮನ್ನು ಗಾಜಿನ ಬಾಗಿಲೊಳಗೇ ನಿಲ್ಲಿಸಿ ರಸ್ತೆಯ ತುದಿಯವರೆಗೆ ಓಡಿಸಿಕೊಂಡು ಬಂದ. ಕಾರಿನ ಕೆಳಗೆ ಒಂದು ಸಲವೂ ಬಗ್ಗಿ ನೋಡಲಿಲ್ಲ. ಬಂದವನು ನನ್ನನ್ನು ದಾಟಿ ನಿನ್ನ ಹತ್ತಿರ ಮಾತಾಡಿದ. “ಗೇರ್‌ಬಾಕ್ಸ್ ಪೂರ್ತಿ ಹೋಗಿದೆ ಮೇಡಂ. ವಯಸ್ಸಾದವರು ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಾರಲ್ಲ, ಹಾಗೇ ಆಗೋದು. ಅವರಿಗೆ ಸ್ವಲ್ಪ ಹೇಳಿ.” ‘ಅವರು’ ಅಂದರೆ ನಾನು. ಮೂರು ಅಡಿ ದೂರದಲ್ಲಿ ನಿಂತಿದ್ದೆ. ಕಿವುಡಿಯಲ್ಲ. ವರದಿಯ ಹಾಳೆಯಲ್ಲಿ ‘ಚಾಲಕರ ದೋಷ’ ಅಂತ ಬರೆದು ಕೊಟ್ಟ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ನೀನು ಆ ಹಾಳೆಯನ್ನು ನಾಲ್ಕಾಗಿ ಮಡಚಿ ಕೈಚೀಲದಲ್ಲಿಟ್ಟುಕೊಂಡೆ.

ಮಗಳೇ, ನಿನಗೆ ಅಪರಿಚಿತನ ಅಂಗಿಯ ಇಸ್ತ್ರಿ ಕಂಡಿತು. ಮೂವತ್ತೊಂದು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡಿದ ನಿನ್ನ ಅಮ್ಮನ ಕೈ ಕಾಣಲಿಲ್ಲ. ಸಾಲಿಗೆ ಅರವತ್ತು ಯಂತ್ರ, ನನ್ನ ಪಾಲಿಗೆ ನಾಲ್ಕು ಸಾಲು. ಯಾವ ಯಂತ್ರ ಯಾಕೆ ನಡುಗುತ್ತಿದೆ ಅಂತ ಬಾಗಿಲಿನಿಂದಲೇ ಹೇಳುತ್ತಿದ್ದೆ. ಅಂಥವಳನ್ನು ನೀನು ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮೂಗು ಮುಟ್ಟಿಸಿದರು, ಗೆರೆಯ ಮೇಲೆ ನಡೆಸಿದರು, ಮಂಡಿಗೆ ಸಣ್ಣ ಸುತ್ತಿಗೆಯಲ್ಲಿ ಕುಟ್ಟಿದರು. ಕೊನೆಗೆ “ವಯಸ್ಸಿಗೆ ತಕ್ಕ ಹಾಗಿದ್ದಾರೆ” ಅಂತ ನಿನಗೆ ಹೇಳಿ ವಿಟಮಿನ್ ಮಾತ್ರೆ ಬರೆದುಕೊಟ್ಟರು. ಅರವತ್ತಮೂರಕ್ಕೆ ಅರವತ್ತಮೂರರ ಹಾಗೆ ಇರುವುದಕ್ಕೂ ಒಂದು ಮಾತ್ರೆ!

ಈಗ ಹೋದ ಗುರುವಾರದ ಸುದ್ದಿ. ಗುಜರಿ ವ್ಯಾಪಾರಿ ಹತ್ತು ಗಂಟೆಗೆ ಬಂದ, ನೀನು ಹೇಳಿ ಕಳಿಸಿದ್ದ ಹಾಗೆ. ನೀನು ಕೊಟ್ಟಿದ್ದ ಕೀಲಿಕೈ ಅವನ ಬೆರಳಲ್ಲಿ ಗಿರಗಿರ ತಿರುಗುತ್ತಿತ್ತು. ನನ್ನ ಕಾರಿನ ಕೀಲಿಕೈ ನನಗಿಂತ ಮೊದಲು ಅವನ ಕೈಗೆ ಹೋಗಿತ್ತು. ಮಾರಾಟದ ಕಾಗದದ ಮೇಲೆ ಸಹಿ ಹಾಕುವ ಜಾಗದಲ್ಲಿ ನೀನು ಪೆನ್ಸಿಲ್ಲಿನಲ್ಲಿ ಸಣ್ಣ ಗುಣಾಕಾರ ಚಿಹ್ನೆ ಹಾಕಿಟ್ಟಿದ್ದೆಯಲ್ಲ, ಒಂದನೇ ತರಗತಿಯ ಮಕ್ಕಳಿಗೆ ಹಾಕಿಕೊಡುವ ಹಾಗೆ, ಆ ಕಾಗದ ಈ ಮೇಜಿನ ಮೇಲೇ ಇತ್ತು.

ವ್ಯಾಪಾರಿ ದಪ್ಪಗಿನ ಮನುಷ್ಯ. ದಿನಕ್ಕೆ ಹತ್ತು ಗಾಡಿ ಓಡಿಸಿ ನೋಡುವವನು. ಸೀಟಿನಲ್ಲಿ ಕೂತು ಕಾರು ಚಾಲೂ ಮಾಡಿ, ಗೇಟಿನ ಕಡೆಗೆ ತಿರುಗಿಸಲು ರಿವರ್ಸ್ ಹಾಕಿದ. ‘ಧಡ್!’ ಕಾರು ಹಿಂದಕ್ಕೆ ಕುಪ್ಪಳಿಸಿತು. ಮತ್ತೆ ಮುಂದಿನ ಗೇರು. ‘ಧಡ್!’

ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಹತ್ತೊಂಬತ್ತು ವರ್ಷದಲ್ಲಿ ಬೇರೆಯವರು ಆ ಕಾರು ಹೊರಡಿಸುವುದನ್ನು ಹೊರಗೆ ನಿಂತು ನೋಡಿದ್ದು ಅದೇ ಮೊದಲು. ಕಿವಿ ತಾನಾಗಿಯೇ ನೆಟ್ಟಗಾಯಿತು. ಸದ್ದು ಗೇರ್‌ಬಾಕ್ಸಿನ ಹೊಟ್ಟೆಯೊಳಗಿನದಲ್ಲ. ಒಳಗೆ ಹಲ್ಲು ಸವೆದಿದ್ದರೆ ಕರಕರ ಅನ್ನಬೇಕು, ಊಳಿಡಬೇಕು. ಇದು ಭಾರವಾದ ವಸ್ತು ಎದ್ದು ಬೀಳುವ ಸದ್ದು. ಕಾರ್ಖಾನೆಯಲ್ಲಿ ಹೊಸದಾಗಿ ಸೇರಿದವರಿಗೆ ನಾನು ಹೇಳಿಕೊಡುತ್ತಿದ್ದ ಮೊದಲ ಪಾಠ ಏನು ಗೊತ್ತಾ? ಯಂತ್ರ ನಡುಗಿದರೆ ತಲೆ ಬಿಚ್ಚಬೇಡಿ, ಮೊದಲು ಪಾದದ ರಬ್ಬರ್ ನೋಡಿ. ಆ ಪಾಠ ನನ್ನ ಕಾರಿನ ವಿಷಯದಲ್ಲಿ ನನಗೇ ಹೊಳೆದಿರಲಿಲ್ಲ. ಯಾಕೆ ಹೊಳೆಯುತ್ತದೆ? ದೋಷ ನನ್ನ ಕಾಲಿನದು ಅಂತ ನೀವೆಲ್ಲ ಸೇರಿ ತೀರ್ಪು ಕೊಟ್ಟಾಗಿತ್ತಲ್ಲ.

“ಇನ್ನೊಂದ್ಸಲ ರಿವರ್ಸ್ ಹಾಕಿ,” ಅಂದೆ. ಹಾಕಿದ. “ಇನ್ನೊಂದ್ಸಲ.” ಹಾಕಿದ. “ಕ್ಲಚ್ ಮೆಲ್ಲಗೆ ಬಿಡ್ತಿದೀರಾ?”

“ಏನಮ್ಮಾ ಹೀಗೆ ಕೇಳ್ತೀರ! ಮೂವತ್ತು ವರ್ಷದಿಂದ ಇದೇ ಕೆಲ್ಸ. ಬೆಣ್ಣೇಲಿ ಕೂದಲು ತೆಗೆದಂಗೆ ಬಿಡ್ತಿದೀನಿ. ಗಾಡೀನೇ ಒದೀತಾ ಇದೆ.”

ಗಾಡೀನೇ ಒದೀತಾ ಇದೆ. ಈ ಮೂರು ಪದ ಕೇಳುವುದಕ್ಕೆ ನನಗೆ ಗುಜರಿಯವನು ಬರಬೇಕಾಯಿತು. ಹೆತ್ತ ಮಗಳ ಬಾಯಲ್ಲಿ ಬರಲಿಲ್ಲ.

“ಇಳೀರಿ,” ಅಂದೆ. ಇಳಿದ. “ಕೀಲಿ ಕೊಡಿ.” ಅವನು ಅನುಮಾನಿಸಿದ. “ಕೊಟ್ಟಿದ್ದು ನಿಮ್ಮ ಮಗಳು. ಗಾಡಿ ಯಾರ ಹೆಸರಲ್ಲಿದೆ?” “ನನ್ನ ಹೆಸರಲ್ಲಿ.” “ಹಾಗಾದ್ರೆ ಕೀಲೀನೂ ನಿಮ್ದೇ ಬಿಡಿ,” ಅಂತ ಅಂಗೈಯಲ್ಲಿಟ್ಟು, ಒಂದು ಲೋಟ ನೀರು ಕುಡಿದು ಹೋದ. ನಿನಗೆ ಫೋನ್ ಮಾಡಿ ಏನು ಹೇಳಿದನೋ, ನೀನು ಅವತ್ತು ಹನ್ನೊಂದು ಸಲ ಕರೆ ಮಾಡಿದೆ. ನಾನು ಅಷ್ಟರಲ್ಲಿ ಪಕ್ಕದ ಮನೆಯ ಬಡಗಿಯನ್ನು ಕೂಗುತ್ತಿದ್ದೆ.

ಬಡಗಿ ನಿನಗೆ ಗೊತ್ತಲ್ಲ, ಮಾತಿಗೆ ಮೊದಲು ‘ಅಯ್ಯೋ’ ಅನ್ನುವವನು. ಅವನ ಮರದ ದಿಮ್ಮಿಗಳನ್ನೇ ಚಕ್ರಗಳಿಗೆ ಅಡ್ಡ ಕೊಟ್ಟು, ಅವನನ್ನೇ ಸೀಟಿನಲ್ಲಿ ಕೂರಿಸಿದೆ. ಹ್ಯಾಂಡ್‌ಬ್ರೇಕ್ ಎಳೆಸಿ, ಬ್ರೇಕ್ ಒತ್ತಿ ಹಿಡಿಸಿ, ಮೊದಲ ಗೇರಿನಲ್ಲಿ ಕ್ಲಚ್ಚನ್ನು ಕೂದಲೆಳೆಯಷ್ಟು ಬಿಡಲು ಹೇಳಿದೆ. ನಾನು ಬಾನೆಟ್ ಎತ್ತಿ ಪಕ್ಕಕ್ಕೆ ನಿಂತು ನೋಡಿದೆ. ಎಂಜಿನ್ನೂ ಅದರ ಬೆನ್ನಿಗಂಟಿದ ಗೇರ್‌ಬಾಕ್ಸೂ ಸೇರಿ, ಮಲಗಿದ ಎಮ್ಮೆ ಏಳಲು ಹೊರಟ ಹಾಗೆ ಒಂದು ಬದಿಗೆ ಹೊರಳಿ ಎದ್ದವು. ಬಡಗಿ ಒಳಗಿನಿಂದ ಕೂಗಿದ, “ಅಯ್ಯೋ ಅಕ್ಕಾ, ಗೇರಿನ ಕೋಲು ತಾನೇ ನಡೀತಾ ಇದೆ! ನಾನು ಮುಟ್ಟಿಲ್ಲ, ನನ್ನ ಬೈಬೇಡಿ!”

ಎಂಜಿನ್ ಆರಿಸಿ, ಕಾರನ್ನು ಎತ್ತಿ, ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಅಲುಗಾಡಿಸಿ ನೋಡಿ, ರಟ್ಟಿನ ಮೇಲೆ ಬೆನ್ನು ಹಾಕಿ ಕೆಳಗೆ ಜಾರಿದೆ. ಗೇರ್‌ಬಾಕ್ಸಿನ ಹಿಂಭಾಗ ಒಂದು ಅಡ್ಡಪಟ್ಟಿಯ ಮೇಲೆ ಕೂರುತ್ತದೆ. ಕಬ್ಬಿಣಕ್ಕೆ ಕಬ್ಬಿಣ ಬಡಿಯದಿರಲಿ ಅಂತ ನಡುವೆ ಎಡಕ್ಕೊಂದು ಬಲಕ್ಕೊಂದು ರಬ್ಬರಿನ ದಿಂಬು. ಅವಕ್ಕೇ ಮೌಂಟು ಅನ್ನುವುದು. ಸಂದಿಗೆ ಹಾರೆಯ ತುದಿ ಕೊಟ್ಟು ಮೇಲಕ್ಕೆ ಮೀಟಿದೆ. ಎಡಗಡೆಯದು ಎರಡು ಬೆರಳು ಎತ್ತರ ಎದ್ದುಬಿಟ್ಟಿತು. ರಬ್ಬರು ತಟ್ಟೆಯಿಂದ ಪೂರಾ ಬಿಟ್ಟುಕೊಂಡಿತ್ತು, ನನ್ನ ತೋರುಬೆರಳು ಒಳಗೆ ತೂರಿತು. ಬಲಗಡೆಯದು ಕಿವಿ ಹರಿದ ಚಪ್ಪಲಿಯ ಹಾಗೆ ಒಂದು ಎಳೆಯಲ್ಲಿ ನೇತಾಡುತ್ತಿತ್ತು. ಎರಡೂ ಎಣ್ಣೆ ಕುಡಿದು ಬೆಲ್ಲದ ಹಾಗೆ ಮೆತ್ತಗಾಗಿದ್ದವು. ಮೇಲೆ ಬೆಳಕು ಬಿಟ್ಟು ನೋಡಿದರೆ ವೇಗ ತೋರಿಸುವ ಮೀಟರಿನ ತಂತಿ ಗೇರ್‌ಬಾಕ್ಸಿಗೆ ಸೇರುವ ಕಡೆ ಎಣ್ಣೆ ತಡೆಯುವ ಪುಟ್ಟ ಸೀಲು ಒಸರುತ್ತಿತ್ತು. ಎಷ್ಟು ತಿಂಗಳಿಂದಲೋ ತೊಟ್ಟು ತೊಟ್ಟಾಗಿ ರಬ್ಬರನ್ನು ತಿಂದುಹಾಕಿದೆ.

ಈಗ ನಿನ್ನ ಕ್ಲಚ್ಚಿನ ಮಾತಿಗೆ ಬಾ. ಕಾಲಿನಿಂದ ಗೇರ್‌ಬಾಕ್ಸಿನವರೆಗೆ ಕ್ಲಚ್ಚಿಗೆ ಇರುವುದು ಒಂದು ತಂತಿ. ಗೇರ್‌ಬಾಕ್ಸೇ ಎದ್ದು ಕುಣಿದರೆ ಆ ತಂತಿಯನ್ನು ಎಳೆಯುತ್ತದೆ, ಸಡಿಲಿಸುತ್ತದೆ, ಮತ್ತೆ ಎಳೆಯುತ್ತದೆ. ನಾನು ಎಷ್ಟು ಮೆತ್ತಗೆ ಬಿಟ್ಟರೂ ಅದು ನನ್ನ ಕಾಲಿನಿಂದ ಕಿತ್ತುಕೊಳ್ಳುತ್ತಿತ್ತು. ನೆಲ ಡೊಂಕಾಗಿತ್ತು ಕಣೇ. ನಿನ್ನ ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳು: ನೆಲವೇ ಡೊಂಕಾಗಿತ್ತು.

ಕಾರಿನ ಕೆಳಗೆ ಮಲಗಿಕೊಂಡೇ ನಾನು ಬೈದೆ. ನಿನ್ನನ್ನು, ಅಳಿಯನನ್ನು, ಇಸ್ತ್ರಿ ಅಂಗಿಯವನನ್ನು, ಆ ಸುತ್ತಿಗೆ ಡಾಕ್ಟರನ್ನು. ಕಾರ್ಖಾನೆಯಲ್ಲಿ ಕಲಿತು ಮನೆಯಲ್ಲಿ ಒಂದು ದಿನವೂ ಆಡದೆ ಇಟ್ಟಿದ್ದ ಬೈಗುಳವೆಲ್ಲ ಹೊರಬಂತು. ಬಡಗಿ ಹೊರಗೆ ಕುಕ್ಕರಗಾಲಲ್ಲಿ ಕೂತು ಟಾರ್ಚ್ ಹಿಡಿದಿದ್ದ. “ಅಯ್ಯೋ ಅಕ್ಕಾ, ಸ್ವಲ್ಪ ಮೆಲ್ಲಗೆ. ನಮ್ಮನೇಲಿ ನೆಂಟರು ಬಂದಿದಾರೆ,” ಅಂದ.

ಬಿಡಿಭಾಗದ ಅಂಗಡಿಯ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಇಲ್ಲವಾದರೆ ಪೆನ್ನಿನ ಮುಳ್ಳು ಮುರಿಯುತ್ತದೆ. ಗಲ್ಲಾಪೆಟ್ಟಿಗೆಯವನು, “ಮನೇಲಿ ಗಂಡಸರು ಯಾರಾದ್ರೂ ಇದ್ರೆ ಕಳ್ಸಿ ಅಮ್ಮ, ನಿಮಗೆ ಹೇಳಿದ್ರೆ ಗೊತ್ತಾಗಲ್ಲ,” ಅಂದ. ಮೊದಲು ಬಿಚ್ಚಿ ತಂದಿದ್ದ ಒಂದು ಹಳೆಯ ಮೌಂಟನ್ನು ಅವನ ಲೆಕ್ಕದ ಪುಸ್ತಕದ ಮೇಲೇ ಎಣ್ಣೆ ಸಮೇತ ಇಟ್ಟೆ. ಆಮೇಲೆ ಬೇಗ ಗೊತ್ತಾಯಿತು ಅವನಿಗೆ. ಮೊದಲು ತಂದುಕೊಟ್ಟ ಜೋಡಿ ಕಪಾಟಿನಲ್ಲೇ ಮುದಿಯಾದದ್ದು. ಉಗುರು ಒತ್ತಿದರೆ ರಬ್ಬರು ಬಿರಿಯುತ್ತಿತ್ತು. ಬೇಡ ಅಂದೆ. ಎರಡನೆಯ ಜೋಡಿ ಚೆನ್ನಾಗಿತ್ತು. ಪುಟ್ಟ ಸೀಲನ್ನೂ ಅಲ್ಲೇ ತಂದೆ.

ಕೆಲಸ ಎರಡು ದಿನ ಹಿಡಿಯಿತು. ಗೇರ್‌ಬಾಕ್ಸಿನ ಕೆಳಗೆ ಜಾಕು, ಜಾಕಿನ ತಲೆಯ ಮೇಲೆ ಬಡಗಿ ಅಳತೆಗೆ ಕೊಯ್ದುಕೊಟ್ಟ ಮರದ ತುಂಡು ಇಟ್ಟು, ಭಾರ ಹೊರುವಷ್ಟು ಮಾತ್ರ ಎತ್ತಿದೆ. ಬೋಲ್ಟುಗಳಲ್ಲಿ ಮೂರು ಮರ್ಯಾದೆಯಿಂದ ಬಂದವು, ನಾಲ್ಕನೆಯದು ತುಕ್ಕು ಹಿಡಿದು ನಿನ್ನಷ್ಟೇ ಮೊಂಡು. ಬಡಗಿ ಸುತ್ತಿಗೆ ಎತ್ತಿಕೊಂಡ. “ಇಡು ಅದನ್ನ. ಹೊಡೆದ್ರೆ ತಲೆ ಮುರಿಯುತ್ತೆ, ಆಮೇಲೆ ಜನ್ಮಪೂರ್ತಿ ಕೊರೀತಾ ಕೂರ್ಬೇಕು,” ಅಂದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಟ್ಟೆವು. ಮರುದಿನ ಬೆಳಿಗ್ಗೆ ಉದ್ದ ಹಿಡಿಯ ಸ್ಪ್ಯಾನರಿನಿಂದ ಒಂದೆಳೆ ಬಿಗಿಸಿ, ಎರಡೆಳೆ ಸಡಿಲಿಸಿ, ಹಿಂದೆ ಮುಂದೆ ಮಾಡಿ ಸತಾಯಿಸಿದ ಮೇಲೆ ಕಿರ್ರೆಂದು ಬಂತು. ಸೀಲು ಬದಲಾಯಿಸಿ, ಎಣ್ಣೆಯ ಕೊಳೆ ಒರೆಸಿ, ಹೊಸ ಮೌಂಟು ಕೂರಿಸಿದೆ. ಎಲ್ಲ ಬೋಲ್ಟನ್ನೂ ಮೊದಲು ಕೈಯಿಂದಲೇ ತಿರುಗಿಸಿ ಹಿಡಿಸಿದೆ. ಜಾಕು ಇಳಿಸಿ ಭಾರ ರಬ್ಬರಿನ ಮೇಲೆ ಕೂತ ನಂತರವೇ ಬಿಗಿ ಮಾಡಿದೆ. ಕೈ ನಡುಗಲಿಲ್ಲ.

ಶನಿವಾರ ಮಧ್ಯಾಹ್ನ ಒಬ್ಬಳೇ ನೀರಿನ ಟ್ಯಾಂಕಿನ ಏರಿಗೆ ಹೋದೆ. ಅದೇ ಜಾಗದಲ್ಲಿ ಬೇಕೆಂದೇ ನಿಲ್ಲಿಸಿದೆ. ಹಿಂದಿನವನು ಹಾರನ್ ಹೊಡೆದ. ಹೊಡೆಯಲಿ. ಕ್ಲಚ್ ಬಿಟ್ಟೆ. ಕಾರು ಒಂದು ಮಾತಾಡದೆ ಹತ್ತಿತು. ಸಂತೋಷವಾಗಬೇಕಿತ್ತಲ್ಲವೇ? ನನಗೆ ಇನ್ನಷ್ಟು ಸಿಟ್ಟು ಬಂತು. ಎರಡು ತುಂಡು ರಬ್ಬರಿಗೆ ಆರು ವಾರ ಮನೆಯಲ್ಲಿ ಕೂತಿದ್ದೆನಲ್ಲ ಅಂತ.

ನಿನ್ನೆ ಸೋಮವಾರ, ಹಳೆಯ ಮೌಂಟುಗಳನ್ನು ಚೀಲದಲ್ಲಿ ಹಾಕಿಕೊಂಡು ದೊಡ್ಡ ಗ್ಯಾರೇಜಿಗೆ ಹೋದೆ. ನಾನೇ ಓಡಿಸಿಕೊಂಡು. ಇಸ್ತ್ರಿ ಅಂಗಿಯವನು ಗುರುತು ಹಿಡಿಯಲಿಲ್ಲ. ಮೊದಲ ಸಲವೂ ನನ್ನನ್ನು ನೋಡಿರಲಿಲ್ಲವಲ್ಲ! ಗಾಜಿನ ಮೇಜಿನ ಮೇಲೆ ಎರಡನ್ನೂ ಇಟ್ಟೆ.

“ಓ, ಮೌಂಟೂ ಹೋಗಿತ್ತು ಅನ್ಸತ್ತೆ,” ಅಂದ.

“ಮೌಂಟೂ ಅಲ್ಲ, ಮೌಂಟೇ. ಗೇರ್‌ಬಾಕ್ಸ್ ಬಿಚ್ಚೇ ಇಲ್ಲ, ಈಗ ಗಾಡಿ ಸರಿಯಾಗಿದೆ. ಬನ್ನಿ, ಓಡಿಸಿ ನೋಡಿ. ಅವತ್ತು ಕೆಳಗೆ ಬಗ್ಗಿ ನೋಡಿದ್ರಾ?”

“ಅದು ಶೆಡ್ಡಿನವರ ಕೆಲಸ ಮೇಡಂ...”

“ಶೆಡ್ಡಿನವರು ನೋಡಿದ್ರಾ?”

ಸುತ್ತ ನಾಲ್ಕು ಜನ ಗಿರಾಕಿಗಳು ತಿರುಗಿ ನೋಡುತ್ತಿದ್ದರು. ನನ್ನ ದನಿ ಜೋರಾಗಿತ್ತು, ಜೋರಾಗಿಯೇ ಇರಲಿ ಅಂತ ಬಿಟ್ಟೆ. “ನೋಡ್ದೆ ಇದ್ದಿದ್ದಕ್ಕೆ ‘ಗೊತ್ತಿಲ್ಲ’ ಅಂತ ಬರೀಬೇಕಿತ್ತು. ‘ಚಾಲಕರ ದೋಷ’ ಅಂತ ಬರೆದ್ರಿ. ಆ ಒಂದು ಸಾಲು ನನ್ನನ್ನ ಮನೇಲಿ ಕೂರಿಸ್ತು. ಹೊಡೆದುಹಾಕಿ.” ಅವರ ಕಡತದಲ್ಲಿದ್ದ ಪ್ರತಿ ತೆಗೆಸಿ, ಆ ಸಾಲನ್ನು ಹೊಡೆಸಿ, ‘ಮೌಂಟು ಹರಿದಿತ್ತು, ಚಾಲಕರ ದೋಷವಿಲ್ಲ’ ಅಂತ ಬರೆಸಿ ಸಹಿ ಹಾಕಿಸಿಕೊಂಡೆ. ಅದರ ನಕಲು ಈ ಕಾಗದದ ಜೊತೆಗಿದೆ. ನಿನ್ನ ಕೈಚೀಲದಲ್ಲಿರುವುದನ್ನು ಹರಿದುಹಾಕು.

ನೀನು ಕೆಟ್ಟವಳಲ್ಲ. ಮಗು ಹಿಂದಿತ್ತು, ನಿನಗೆ ಹೆದರಿಕೆಯಾಯಿತು. ನಾನೂ ನಿನ್ನ ಜಾಗದಲ್ಲಿದ್ದಿದ್ದರೆ ಕೀಲಿ ಕೇಳುತ್ತಿದ್ದೆನೇನೋ. ಆದರೆ ಕೇಳುವ ಮೊದಲು ‘ಅಮ್ಮಾ, ಕಾರಿನಲ್ಲಿ ಏನಿದೆ ಅನ್ಸುತ್ತೆ ನಿಂಗೆ?’ ಅಂತ ಒಂದು ಮಾತು ಕೇಳಬಹುದಿತ್ತು. ಮುಂದೆ ನಿಜವಾಗಿಯೂ ನನ್ನ ಕಾಲು ಸೋಲುವ ದಿನ ಬರುತ್ತದೆ. ಅವತ್ತು ಮೊದಲು ಗೊತ್ತಾಗುವುದು ನನಗೇ. ನಾನೇ ಕೀಲಿ ತಂದುಕೊಡುತ್ತೇನೆ. ಅಲ್ಲಿಯವರೆಗೆ ಕೈ ಚಾಚಬೇಡ.

ಕೋಪ ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಅವಸರವೂ ನನಗಿಲ್ಲ. ಭಾನುವಾರ ಹತ್ತಕ್ಕೆ ನಿಮ್ಮ ಮನೆ ಮುಂದೆ ಕಾರು ನಿಲ್ಲಿಸುತ್ತೇನೆ. ಬೇಕಿದ್ದರೆ ಹತ್ತಿ, ಬೇಡವಾದರೆ ಬಿಡಿ.

ಜಾಗ ಸಿಕ್ಕಿತು ನೋಡು: ನಿನಗೂ ಅಳಿಯಂದಿರಿಗೂ ಒಳ್ಳೆಯದಾಗಲಿ. ಪುಟ್ಟಿಯ ಹಲ್ಲು ನೋವಿಲ್ಲದೆ ಬರಲಿ. ನಿಮ್ಮ ಮನೆ ತಣ್ಣಗಿರಲಿ.

ಇನ್ನೂ ಸಿಟ್ಟಿನಲ್ಲಿರುವ
ನಿನ್ನ ಅಮ್ಮ

ಮತ್ತೆ ಬರೆದದ್ದು: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದೆಲ್ಲ ನಿಜ, ಆದರೆ ಒಂದನ್ನು ಬಿಟ್ಟಿದ್ದೆ. ನೀವು ನಂಬದೆ ಇದ್ದದ್ದಕ್ಕಿಂತ ಹೆಚ್ಚಾಗಿ, ನಾನು ನಿಮ್ಮನ್ನು ನಂಬಿಬಿಟ್ಟೆ. ಕಾಲು ಹೋಯಿತು, ಇನ್ನು ಕೈಯ ಸರದಿ ಅಂದುಕೊಂಡೆ. ಈ ಆರು ವಾರದಲ್ಲಿ ನೀನು ಮಗುವನ್ನು ಕರೆದುಕೊಂಡು ನಾಲ್ಕು ಸಲ ಬಂದೆ. ಮೊದಲ ಮೂರು ಸಲವೂ ಅವಳು ನಿನ್ನ ಸೊಂಟದಿಂದ ನನ್ನ ಕಡೆಗೆ ಕೈ ಚಾಚಿದಳು. ಒಂದು ಸಲ ನೆಗಡಿ ಅಂದೆ, ಒಂದು ಸಲ ಕೈಗೆ ಹಿಟ್ಟಾಗಿದೆ ಅಂದೆ, ಒಂದು ಸಲ ಸೊಂಟ ನೋವು ಅಂದೆ. ನೀನು ಬಾಗಿಲಲ್ಲಿ ನಿಂತು, “ಕಾರಿನ ಸಿಟ್ಟನ್ನ ಮಗು ಮೇಲೆ ತೀರಿಸ್ಬೇಡಮ್ಮ,” ಅಂದೆ. ಸಿಟ್ಟಲ್ಲ ಕಣೇ. ಬೀಳಿಸಿಬಿಡುತ್ತೇನೆ ಅನ್ನುವ ಹೆದರಿಕೆ. ನೀವು ಹೋದ ಮೇಲೆ ಅವಳಷ್ಟೇ ತೂಕದ ಹಿಟ್ಟಿನ ಚೀಲವನ್ನು ಎತ್ತಿಕೊಂಡು ಕೋಣೆಯಿಂದ ಕೋಣೆಗೆ ನಡೆದು ನೋಡುತ್ತಿದ್ದೆ. ಒಂದು ಸಲವೂ ಬೀಳಿಸಲಿಲ್ಲ. ಆದರೂ ಧೈರ್ಯ ಬರಲಿಲ್ಲ. ನಾಲ್ಕನೆಯ ಸಲ ನೆವ ಹೇಳುವ ಕಷ್ಟವೇ ಇರಲಿಲ್ಲ. ನನ್ನನ್ನು ನೋಡಿ ಅವಳು ನಿನ್ನ ಹೆಗಲಲ್ಲಿ ಮುಖ ಮುಚ್ಚಿಕೊಂಡಳು.